ಬೆಟ್ಟದ ಬೇಸಾಯಕ್ಕೆ ಬಂದ ಸಲಹೆ, ಸಹಾಯಧನ: ನಮ್ಮ ಮೂರು ತಾಲೂಕುಗಳ ಒಂದು ಹಿನ್ನೋಟ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನ ಕೊಡಿ ಎಂದು ಸಮಿತಿಯವರು ಕೇಳಿದಾಗ ಮಿರ್ಜಾನ ಕೋಟೆ, ಗೇರುಸೊಪ್ಪೆಯ ಚೆನ್ನಭೈರಾದೇವಿಯ ಬಗ್ಗೆಯೇ ಬರೆಯೋಣವೆಂದು ಕುಳಿತಿದ್ದೆ. ಆ ರಾಣಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರೆಂಬುದು ಎಲ್ಲರಿಗೂ ಗೊತ್ತು. ಆ ಮೆಣಸು ಯಾವ ಗುಡ್ಡದಲ್ಲಿ ಬೆಳೆಯಿತು, ಅದಕ್ಕೆ ಸೊಪ್ಪು ಹೊತ್ತವರು ಯಾರು ಎಂದು ಮಾತ್ರ ನಾವು ಮಕ್ಕಳಿಗೆ ಹೇಳಿಕೊಡಲೇ ಇಲ್ಲ. ನಮ್ಮ ಶಾಲೆಯಲ್ಲಿ ಓದಿದ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬೆಟ್ಟದ ಬುಡದ ಮನೆಗಳವರು. ಬೇಸಿಗೆಯಲ್ಲಿ ದರಕು ಗುಡಿಸುವ ದಿನ ಬಂದರೆ ಹಾಜರಿ ಪುಸ್ತಕದಲ್ಲೇ ಅದು ಕಾಣುತ್ತಿತ್ತು. ಹಾಗಾಗಿ ರಾಣಿಯನ್ನು ಬೇರೆಯವರಿಗೆ ಬಿಟ್ಟು ಬೆಟ್ಟದ ಬಗ್ಗೆ ಬರೆಯುತ್ತಿದ್ದೇನೆ.

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ನೆಲದ ಕಥೆ ಒಂದೇ. ಸಮುದ್ರದಿಂದ ಕೆಲವೇ ಮೈಲಿ ಒಳಗೆ ಹೋದರೆ ಘಟ್ಟದ ಏರು ಶುರು. ಬೈಲಿನಲ್ಲಿ ಗದ್ದೆ, ಕಣಿವೆಯಲ್ಲಿ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಹುಲ್ಲಿನ ಬೇಣ, ಇನ್ನೂ ಮೇಲೆ ಕಾಡು. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇಂಥ ಮಳೆಗೆ ಬರಿಗುಡ್ಡದ ಮಣ್ಣು ನಿಲ್ಲುವುದಿಲ್ಲ, ಚಿರೆಕಲ್ಲು ಮಾತ್ರ ಉಳಿಯುತ್ತದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ಬೆಟ್ಟದಲ್ಲಿ ಇಂಗಿದ ನೀರು ಬೇಸಿಗೆಯಲ್ಲಿ ತೋಟದ ಹಳ್ಳಕ್ಕೆ. ಇದರಲ್ಲಿ ಒಂದು ಕೊಂಡಿ ತಪ್ಪಿದರೂ ಕೆಳಗಿನ ಗದ್ದೆಯವರೆಗೆ ಪೆಟ್ಟು ಬೀಳುತ್ತದೆ.

ಸರ್ಕಾರದ ಮೊದಲ ಸಲಹೆ ಬಂದದ್ದು ನಿಷೇಧದ ರೂಪದಲ್ಲಿ. ಟಿಪ್ಪುವಿನ ಪತನದ ನಂತರ, 1801ರಲ್ಲಿ, ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕಾನನ್ ಭಟ್ಕಳ, ಹೊನ್ನಾವರ, ಮಿರ್ಜಾನದ ಹಾದಿಯಲ್ಲೇ ಸಾಗಿ ಬೆಳೆ, ತೋಟಗಳ ವಿವರ ಬರೆದುಕೊಂಡ. ಆಗ ಗುಡ್ಡದ ಇಳಿಜಾರಿನಲ್ಲಿ ಕುಮರಿ ಬೇಸಾಯವಿತ್ತು. ನಮ್ಮ ಕಡೆ ಅದಕ್ಕೆ ಹಕ್ಕಲು ಎಂದೂ ಹೇಳುತ್ತಾರೆ. ಚಳಿಗಾಲ ಮುಗಿಯುವಾಗ ಕಾಡಿನ ಒಂದು ತುಂಡು ಕಡಿದು, ಒಣಗಿಸಿ, ಮಳೆಗೆ ಮುಂಚೆ ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತುವುದು. ಒಂದೆರಡು ವರ್ಷ ಬೆಳೆದು ಆ ಜಾಗವನ್ನು ಮತ್ತೆ ಕಾಡಿಗೇ ಬಿಡುವುದು. ಕುಮರಿ ಮರಾಠಿಗರಿಗೆ ಆ ಹೆಸರು ಬಂದದ್ದೇ ಈ ಬೇಸಾಯದಿಂದ. ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ ಇದನ್ನು ಕಾಡಿಗೆ ಮಾರಿ ಎಂದೇ ಎಣಿಸಿದ. 1860ರಲ್ಲಿ ಅನುಮತಿಯಿಲ್ಲದ ಕುಮರಿ ನಿಂತಿತು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತಕ್ಕೆ ಸೇರಿದ ಮೇಲೂ ಧೋರಣೆ ಹೆಚ್ಚೇನೂ ಬದಲಾಗಲಿಲ್ಲ. ಅಲ್ಲಲ್ಲಿ ಮಿತಿಯೊಳಗೆ ಬಿಟ್ಟರು ಅಷ್ಟೆ. ಕುಮರಿಯಿಂದ ಕಾಡಿಗೆ ನಷ್ಟವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಜನ ಹೆಚ್ಚಿ, ಬೀಳು ಬಿಡುವ ವರ್ಷ ಕಡಿಮೆಯಾದರೆ ನಷ್ಟವೇ. ಆದರೆ ಅದೇ ಕಾಲದಲ್ಲಿ ತೇಗ, ಮತ್ತಿಯ ದಿಮ್ಮಿಗಳು ಸರ್ಕಾರದ ಲೆಕ್ಕದಲ್ಲಿ ಹೊಳೆಯಿಳಿದು ಹೋಗುತ್ತಿದ್ದವು. ರಾಗಿ ಬಿತ್ತಿದವನ ಕೊಡಲಿ ಮಾತ್ರ ಅಪರಾಧವಾಯಿತು, ಅವನಿಗೆ ಬದಲಿ ಬೇಸಾಯ ಯಾವುದೆಂದು ಯಾರೂ ಹೇಳಲಿಲ್ಲ.

ತೋಟಿಗರ ಸ್ಥಿತಿ ಬೇರೆ. ಅವರಿಗೆ ಸೊಪ್ಪಿನ ಬೆಟ್ಟದ ಹಕ್ಕು ಸಿಕ್ಕಿತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕ ಪ್ರಸಿದ್ಧವಾದದ್ದು. ಬೆಟ್ಟ ಸರ್ಕಾರದ್ದು, ಸೊಪ್ಪು ತೋಟದವನದ್ದು. ಇದನ್ನು ಆ ಕಾಲದ ಸಹಾಯಧನ ಎಂದರೂ ತಪ್ಪಲ್ಲ, ಕೊಟ್ಟದ್ದು ಹಣವಲ್ಲ, ಗೊಬ್ಬರ. ತೋಟವಿಲ್ಲದ ಗದ್ದೆಯ ಒಕ್ಕಲಿಗೆ ಇಂಥ ಬೆಟ್ಟವಿರಲಿಲ್ಲ. ಅವನು ಊರೊಟ್ಟಿನ ಕಾಡನ್ನೇ ನೆಚ್ಚಬೇಕು, ಅಲ್ಲಿಯೂ ಗಾರ್ಡಿನ ಕಣ್ಣು ತಪ್ಪಿಸಬೇಕು.

ಕರಾವಳಿಯ ಈ ತಕರಾರು ವಿಚಾರಿಸಿ 1921ರಲ್ಲಿ ಜಿ. ಎಫ್. ಎಸ್. ಕಾಲಿನ್ಸ್ ಎಂಬ ಅಧಿಕಾರಿ ಒಂದು ವರದಿ ಕೊಟ್ಟರು. ಊರ ಹತ್ತಿರದ ಕಾಡನ್ನು ಊರವರ ಕೈಗೇ ಕೊಡಬೇಕೆಂಬ ವಿಚಾರ ಅದರಿಂದ ಬಲಗೊಂಡಿತು. ಕುಮಟಾ ತಾಲೂಕಿನ ಹಳಕಾರ, ಚಿತ್ರಿಗಿ, ಕಲ್ಲಬ್ಬೆಗಳಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳು ನಡೆದದ್ದು ಆ ನಂತರ. ಊರವರೇ ವಂತಿಗೆ ಹಾಕಿ ಕಾವಲುಗಾರನನ್ನು ಇಟ್ಟು, ಸೊಪ್ಪು, ಕಟ್ಟಿಗೆಗೆ ದಿನ ಗೊತ್ತುಮಾಡಿ ಕಾಡು ಉಳಿಸಿಕೊಂಡರು. ಎಪ್ಪತ್ತರ ದಶಕದ ಕೊನೆಗೆ ಸರ್ಕಾರ ಈ ವ್ಯವಸ್ಥೆ ರದ್ದುಮಾಡ ಹೊರಟಾಗ ಹಳಕಾರದವರು ಕೋರ್ಟಿಗೆ ಹೋದರು. ಮರ ಉಳಿಸಿ ಎಂದು ಉಪದೇಶ ಮಾಡುವ ಸರ್ಕಾರದ ವಿರುದ್ಧವೇ ಮರ ಉಳಿಸಿಕೊಳ್ಳಲು ಊರೊಂದು ದಾವೆ ಹೂಡಬೇಕಾಯಿತು. ಕುಮಟಾ ಪೇಟೆಯ ಮಗ್ಗುಲಲ್ಲೇ ಇರುವ ಈ ಕಾಡನ್ನು ದೇಶದ ಪರಿಸರ ವಿಜ್ಞಾನಿಗಳು ಬಂದು ನೋಡಿ ಬರೆದಿದ್ದಾರೆ. ನಮ್ಮ ಶಾಲೆಯ ಪ್ರವಾಸಕ್ಕೆ ಜೋಗ, ಮುರ್ಡೇಶ್ವರಗಳೇ ಸಾಕಾದವು!

ಸಲಹೆಯೊಂದು ನಿಜವಾಗಿ ಮನೆಮನೆಗೆ ಮುಟ್ಟಿದ್ದಕ್ಕೆ ಉದಾಹರಣೆ ಕೊಳೆಮದ್ದು. ಮೊದಲು ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕರಡದ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದ, ಬೋರ್ಡೋ ದ್ರಾವಣ ಹೊಡೆಯಿರಿ ಎಂದ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇವತ್ತಿಗೂ ಕೊನೆಗೌಡ ಹೊಡೆಯುವುದು ಅದನ್ನೇ. ಈ ಸಲಹೆ ಯಾಕೆ ನಿಂತಿತು ಎಂದು ಯೋಚಿಸಿದ್ದೇನೆ. ರೋಗ ಇಲ್ಲಿಯದು, ಫಲ ಅದೇ ವರ್ಷ ಕಣ್ಣಿಗೆ ಕಾಣುತ್ತದೆ, ಮದ್ದನ್ನು ಮನೆಯ ಹಂಡೆಯಲ್ಲೇ ಕದಡಬಹುದು.

ಶಾಲೆ ಹುಟ್ಟಿದ ಕಾಲಕ್ಕೆ ಬರುತ್ತೇನೆ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ ವಶವಾಗಿ, ಉಳುವವನಿಗೆ ಹೋಗುವ ಕಾನೂನು ಬಂತು. ಡಿಕ್ಲರೇಷನ್ ಕೊಟ್ಟು ಒಡೆಯರಾದವರ ಮಕ್ಕಳೇ ನಮ್ಮ ಮೊದಲ ತಂಡಗಳ ವಿದ್ಯಾರ್ಥಿಗಳು. ಅದೇ 1974-75ರಲ್ಲಿ ಕೇಂದ್ರದ ಪಶ್ಚಿಮಘಟ್ಟ ಅಭಿವೃದ್ಧಿ ಕಾರ್ಯಕ್ರಮ ಶುರುವಾಯಿತು. ಗುಡ್ಡನಾಡಿಗೆಂದೇ ಪ್ರತ್ಯೇಕ ಹಣ ಬಂದದ್ದು ಆಗ: ಮಣ್ಣು ಸಂರಕ್ಷಣೆ, ಸಣ್ಣ ನೀರಾವರಿ, ತೋಟಗಾರಿಕೆ, ನೆಡುತೋಪು. ಗದ್ದೆಗೆ ಹಕ್ಕುಪತ್ರ ಬಂದರೂ ಹಕ್ಕಲಿಗೆ ಬರಲಿಲ್ಲ. ಗುಡ್ಡದ ಮೇಲೆ ಅಜ್ಜನ ಕಾಲದಿಂದ ಗೇರು, ಗೆಡ್ಡೆ ಬೆಳೆದವರು ಅರಣ್ಯದ ಕಡತದಲ್ಲಿ ಅತಿಕ್ರಮಣದಾರರು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರವಂತೂ 1978ರ ಏಪ್ರಿಲ್ 27ಕ್ಕೆ ಮೊದಲೋ ಆಮೇಲೋ ಎಂಬುದೇ ಒಂದು ಸಂಸಾರದ ಹಣೆಬರಹವಾಯಿತು.

ಎಂಬತ್ತರ ದಶಕದಲ್ಲಿ ಎರಡು ಸಲಹೆ ಒಟ್ಟಿಗೇ ಬಂದವು. ಒಂದು ಅಕೇಶಿಯಾ. ಸಾಮಾಜಿಕ ಅರಣ್ಯದ ಹೆಸರಲ್ಲಿ ಬೇಣಗಳೆಲ್ಲ ಅದರಿಂದ ತುಂಬಿದವು. ಬೋಳು ಗುಡ್ಡ ಬೇಗ ಹಸುರಾಯಿತು, ಕಟ್ಟಿಗೆಯೂ ಸಿಕ್ಕಿತು. ಆದರೆ ದನ ಅದರ ಎಲೆ ಮುಟ್ಟಲಿಲ್ಲ, ಅಡಿಯಲ್ಲಿ ಹುಲ್ಲು ಏಳಲಿಲ್ಲ, ದರಕು ಬೇಗ ಕೊಳೆಯಲಿಲ್ಲ. ಹುಲ್ಲು ಹೋದ ಮೇಲೆ ಕೊಟ್ಟಿಗೆ ಸಣ್ಣದಾಯಿತು. ಇನ್ನೊಂದು ಗೋಬರ್ ಗ್ಯಾಸ್. 1981-82ರಲ್ಲಿ ಶುರುವಾದ ರಾಷ್ಟ್ರೀಯ ಯೋಜನೆಯ ಸಹಾಯಧನದಿಂದ ಕಟ್ಟಿಸಿಕೊಂಡವರ ಅಡಿಗೆಮನೆಯ ಹೊಗೆ ಹೋಯಿತು, ಬೆಟ್ಟದ ಕಟ್ಟಿಗೆ ಉಳಿಯಿತು, ತೋಟಕ್ಕೆ ಸ್ಲರಿ ಸಿಕ್ಕಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯೂ ಆ ಹೊತ್ತಿನದೇ. ಬಚ್ಚಲ ಒಲೆಯ ಹೊಟ್ಟೆ ಮಾತ್ರ ಯಾವ ಯೋಜನೆಯಿಂದಲೂ ತುಂಬಲಿಲ್ಲ.

ತೊಂಬತ್ತರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆ ಜಿಲ್ಲೆಗೆ ಬಂತು. 1993ರ ಸರ್ಕಾರಿ ಆದೇಶದ ಮೇಲೆ ಗ್ರಾಮ ಅರಣ್ಯ ಸಮಿತಿಗಳಾದವು. ಹಳಕಾರದವರು ಎಪ್ಪತ್ತು ವರ್ಷದಿಂದ ಮಾಡುತ್ತಿದ್ದುದನ್ನು ಹೊಸ ವಿಚಾರವೆಂಬಂತೆ ತರಬೇತಿಯಲ್ಲಿ ಹೇಳಿಕೊಟ್ಟರು ಎಂದು ನಗುವವರಿದ್ದಾರೆ. ನಕ್ಕರೂ, ಉಪ್ಪಾಗೆ, ಮುರುಗಲು ಸಸಿಗಳು ನೆಡುವ ಪಟ್ಟಿಗೆ ಸೇರಿದ್ದು ಆ ಸಮಿತಿಗಳ ಕಾಲದಲ್ಲೇ. ಉಪ್ಪಾಗೆಗೆ ವಿದೇಶದಲ್ಲಿ ಬೊಜ್ಜು ಕರಗಿಸುವ ಔಷಧಿಯ ಬೇಡಿಕೆ ಬಂದು ರೇಟು ಏರಿದಾಗ ಜನ ಕಾಯಿ ಬಲಿಯುವ ಮೊದಲೇ ಟೊಂಗೆ ಸಮೇತ ಕೊಯ್ದರು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ಕಟ್ಟಿಗೆ ಬೇಕು. ಕಾಡಿನ ಒಂದು ಫಲ ಮಾರಲು ಕಾಡನ್ನೇ ಒಲೆಗಿಟ್ಟಂತಾಯಿತು. ಡಾ. ಕುಸುಮಾ ಸೊರಬ ಅವರು ಕಟ್ಟಿದ ಹೊನ್ನಾವರ ಕಾಸರಕೋಡಿನ ಸ್ನೇಹಕುಂಜದಂಥ ಸಂಸ್ಥೆಗಳು ಕಾಡು, ಆರೋಗ್ಯ, ಜೀವನೋಪಾಯ ಮೂರನ್ನೂ ಒಟ್ಟಿಗೆ ನೋಡಬೇಕೆಂದು ಹೇಳುತ್ತ ಬಂದದ್ದು ಇಂಥ ಅನುಭವದಿಂದಲೇ.

ಈಗ ಯೋಜನೆಗಳಿಗೆ ಬರವಿಲ್ಲ. ಉದ್ಯೋಗ ಖಾತರಿಯಲ್ಲಿ ಇಂಗುಗುಂಡಿ, ತೋಟದ ಬಸಿಗಾಲುವೆ. ತೋಟಗಾರಿಕೆ ಇಲಾಖೆಯಲ್ಲಿ ಕಾಳುಮೆಣಸಿಗೆ ನೆರವು. ಸಾವಯವಕ್ಕೆ 2015ರಲ್ಲಿ ಬಂದ ಪರಂಪರಾಗತ ಕೃಷಿ ವಿಕಾಸ ಯೋಜನೆ. ಎಲ್ಲ ಅರ್ಜಿಗೂ ಮೊದಲು ಲಗತ್ತಿಸಬೇಕಾದ್ದು ಪಹಣಿ. ಅತಿಕ್ರಮಣ ಜಾಗಕ್ಕೆ ಪಹಣಿ ಎಲ್ಲಿಂದ ತರುವುದು? ಭಟ್ಕಳದ ಗೊಂಡರು ಪರಿಶಿಷ್ಟ ಪಂಗಡದವರಾದ್ದರಿಂದ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅವರಿಗೊಂದು ದಾರಿಯಿದೆ. ಆ ಪಟ್ಟಿಯಲ್ಲಿಲ್ಲದ ಹಾಲಕ್ಕಿಗಳು, ಕುಮರಿ ಮರಾಠಿಗರು ಮೂರು ತಲೆಮಾರಿನ, ಅಂದರೆ 75 ವರ್ಷದ, ವಾಸಕ್ಕೆ ದಾಖಲೆ ತರಬೇಕು. ಕಾಗದವೇ ಇಲ್ಲದೆ ಬದುಕಿದವರ ಮೊಮ್ಮಕ್ಕಳು ಕಾಗದ ಹುಡುಕುತ್ತಿದ್ದಾರೆ. ಜಿಲ್ಲೆಯಲ್ಲಿ ಇಂಥ ಅರ್ಜಿಗಳಲ್ಲಿ ಹೆಚ್ಚಿನವು ತಿರಸ್ಕೃತವಾದವು.

ಗುಡ್ಡದ ಇಳಿಜಾರಿನಲ್ಲಿ ಯಾರು ಏನು ಬೆಳೆಯುತ್ತಾರೆ ಎಂಬುದು ಈಗ ಅವರೊಬ್ಬರ ವಿಷಯವಾಗಿಯೂ ಉಳಿದಿಲ್ಲ. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಪಕ್ಕದ ಅಂಕೋಲಾದ ಶಿರೂರಿನಲ್ಲಿ ಆದದ್ದನ್ನು ನಾವೆಲ್ಲ ದಿನಗಟ್ಟಲೆ ಟಿವಿಯಲ್ಲಿ ನೋಡಿದೆವು. ಶಿರೂರಿನಲ್ಲಿ ಹೆದ್ದಾರಿಗೆ ಕಡಿದ ಗುಡ್ಡದ ಮಾತು ಮುಖ್ಯವಾಗಿ ಬಂತು, ಅದು ನಿಜವೂ ಹೌದು. ಆದರೆ ಬೇರು ಹಿಡಿದ ಇಳಿಜಾರು, ನೀರು ಹರಿಯಲು ಕಾಲುವೆ ಬಿಟ್ಟ ಇಳಿಜಾರು ಹೇಗಿರುತ್ತದೆಂದು ಬಲ್ಲವರು ಬೆಟ್ಟದ ಬುಡದ ಬೇಸಾಯಗಾರರೇ. ಇಂಗುಗುಂಡಿಯನ್ನು ಎಲ್ಲಿ ತೆಗೆಯಬೇಕು, ಕಡಿದಾದ ಜಾಗದಲ್ಲಿ ಯಾಕೆ ತೆಗೆಯಬಾರದು ಎಂದು ಅವರನ್ನು ಕೇಳಿದರೆ ಹೇಳುತ್ತಾರೆ. ಅವರಲ್ಲಿ ಹಲವರು ನಮ್ಮ ಹಳೆಯ ವಿದ್ಯಾರ್ಥಿಗಳು, ಅವರ ಅರ್ಜಿಗಳು ಇನ್ನೂ ತಾಲೂಕು ಕಚೇರಿಯಲ್ಲಿವೆ.