ಎರಡು ಬಾಗಿಲು, ಎರಡಕ್ಕೂ ಬೀಗ

ಸುರಪುರದ ರಾಜಾ ವೆಂಕಟಪ್ಪ ನಾಯಕನ ಕಥಿ ನಮ್ಮ ಭಾಗದಾಗ ಎಲ್ಲರಿಗೂ ಗೊತ್ತು. 1858ರಲ್ಲಿ ಬ್ರಿಟಿಷರ ವಿರುದ್ಧ ತಿರುಗಿಬಿದ್ದ, ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಗಲ್ಲು ಅಂದರು, ಕರಿನೀರು ಅಂದರು, ಕಡೆಗೆ ನಾಲ್ಕು ವರ್ಷ ಸೆರೆ ಅಂದರು. ಎಲ್ಲ ಸಾಹೇಬರ ಮರ್ಜಿ. ಸೆರೆಗೆ ಒಯ್ಯುವಾಗ ದಾರಿಯಲ್ಲಿ ಗುಂಡು ತಗುಲಿ ಸತ್ತ. ತಾನೇ ಹೊಡಕೊಂಡ ಅಂತ ಅವರ ಕಡತ ಹೇಳುತ್ತದೆ. ಕಡತ ಬರೆದವರು ಯಾರು ಅನ್ನೋದನ್ನೂ ನೆನಪಿಡಬೇಕು. ಅರಸನಿಗೇ ಮೇಲೆ ಕೇಳೋ ಜಾಗ ಇರಲಿಲ್ಲ. ಅವನ ಸೀಮೆಯಲ್ಲಿ ಬಿಟ್ಟಿ ದುಡಿದವನ ಮಾತು ಬಿಡಿ.

1860ರಲ್ಲಿ ಸುರಪುರವನ್ನು ಬ್ರಿಟಿಷರು ನಿಜಾಮನಿಗೆ ಕೊಟ್ಟರು. ಮುಂದೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳಾದವು. ಹಾಗಾಗಿ ಹೈದರಾಬಾದ್ ಹೈಕೋರ್ಟಿನಲ್ಲಿ ನಡೆದದ್ದು ಪರರಾಜ್ಯದ ಸುದ್ದಿಯಲ್ಲ, ನಮ್ಮದೇ.

ಅಲ್ಲಿ ನಡೆದದ್ದು ಇದು. ತೆಲಂಗಾಣದ ರೈತ ಹೋರಾಟದಲ್ಲಿ ಕೊಲೆ ಆಪಾದನೆ ಹೊತ್ತವರಿಗೆ, 1948ರ ಪೊಲೀಸ್ ಕಾರ್ಯಾಚರಣೆಯ ನಂತರ, ವಿಶೇಷ ನ್ಯಾಯಮಂಡಳಿಗಳು ಗಲ್ಲು ವಿಧಿಸಿದವು. ದೇಶಮುಖರ ಬಿಟ್ಟಿ ಚಾಕರಿ ಒಲ್ಲೆ ಎಂದು ಎದ್ದ ಹೋರಾಟ ಅದು. ಹೈಕೋರ್ಟು 1949ರ ಡಿಸೆಂಬರಿನಲ್ಲಿ ಶಿಕ್ಷೆ ಖಾಯಂ ಮಾಡಿತು. ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ಕ್ಕೆ. ನಡುವೆ ಬರೀ ಆರು ವಾರ.

ಆ ಆರು ವಾರವೇ ಕೊರಳಿಗೆ ಸುತ್ತಿಕೊಂಡಿತು. ಜನಾರ್ದನ ರೆಡ್ಡಿ ಮತ್ತು ಇತರರು ಮೇಲ್ಮನವಿಗೆ ಅನುಮತಿ ಕೊಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. 1950ರ ಡಿಸೆಂಬರಿನಲ್ಲಿ ಉತ್ತರ ಬಂತು: ತೀರ್ಪು ಕೊಟ್ಟ ದಿನ ಆ ಹೈಕೋರ್ಟು ಭಾರತದ ಭೂಪ್ರದೇಶದ ನ್ಯಾಯಾಲಯ ಆಗಿರಲಿಲ್ಲ, ನಮಗೆ ಅಧಿಕಾರ ಇಲ್ಲ. ಸೈನ್ಯ ಬಂದು ವರ್ಷ ದಾಟಿತ್ತು. ಕೋರ್ಟಿನ ಲೆಕ್ಕದಲ್ಲಿ ಭಾರತ ಇನ್ನೂ ಬಂದಿರಲಿಲ್ಲ!

ಆಗ ಅವರು ಎರಡನೇ ಬಾಗಿಲು ಬಡಿದರು. ಅದೇ ಹೇಬಿಯಸ್ ಕಾರ್ಪಸ್. 'ಹಿಡಿದಿಟ್ಟ ಮನುಷ್ಯನನ್ನು ಕೋರ್ಟಿನ ಮುಂದೆ ತನ್ನಿ, ಯಾವ ಕಾನೂನಿನಲ್ಲಿ ಹಿಡಿದಿರಿ ಹೇಳಿ' ಎಂದು ಕೇಳುವ ಅರ್ಜಿ. ವಿಚಾರಣೆಯಲ್ಲಿ ನಮಗೆ ಸರಿಯಾಗಿ ವಕೀಲರನ್ನು ಒದಗಿಸಲಿಲ್ಲ ಎಂಬುದೂ ಅವರ ದೂರಾಗಿತ್ತು. ಇಂಗ್ಲೆಂಡಿನಿಂದ ಡಿ. ಎನ್. ಪ್ರಿಟ್ ಎಂಬ ವಕೀಲರು ಈ ಕೈದಿಗಳ ಪರ ಬಂದರು. 1951ರ ಮಾರ್ಚಿನಲ್ಲಿ ಅದೂ ವಜಾ. ಅಧಿಕಾರವುಳ್ಳ ಕೋರ್ಟು ಶಿಕ್ಷೆ ಕೊಟ್ಟ ಮೇಲೆ ವಿಚಾರಣೆಯ ತಪ್ಪನ್ನು ಮೇಲ್ಮನವಿಯಲ್ಲಿ ಎತ್ತಬೇಕು, ಹೇಬಿಯಸ್ ಕಾರ್ಪಸ್‌ನಲ್ಲಿ ಅಲ್ಲ ಎಂದರು.

ಮೇಲ್ಮನವಿಯ ಬಾಗಿಲು ಮುಚ್ಚಿದವರು ಯಾರು? ಅದೇ ಕೋರ್ಟು, ಮೂರು ತಿಂಗಳ ಹಿಂದೆ. ಈ ಬಾಗಿಲಿಗೆ ಹೋದ್ರ ಆ ಬಾಗಿಲಿಗೆ ಹೋಗು, ಆ ಬಾಗಿಲಿಗೆ ಹೋದ್ರ ಅದಕ್ಕ ಬೀಗ. ತಹಶೀಲ್ ಕಚೇರಿಗೆ ಅಲೆದವರಿಗೆ ಈ ಆಟ ಹೊಸದಲ್ಲ. ಸುಪ್ರೀಂ ಕೋರ್ಟಿನ ಮೇಲೆ ಕೇಳಲು ಇನ್ನೊಂದು ಕೋರ್ಟಿಲ್ಲ. ಕಡೆಗೆ ಗಲ್ಲು ತಪ್ಪಿ ಜೀವಾವಧಿ ಆಯಿತು. ಅದಕ್ಕೆ ದೇಶವಿದೇಶಗಳಲ್ಲಿ ಜನ ಎಬ್ಬಿಸಿದ ಕೂಗು ಬೇಕಾಯಿತು.

ತುರ್ತುಪರಿಸ್ಥಿತಿಯಲ್ಲಿ ಆಟ ತಿರುಗಿತು. ಬೆಂಗಳೂರು ಜೈಲಿನಲ್ಲಿದ್ದ ಅಡ್ವಾಣಿ, ಮಧು ದಂಡವತೆ ಮುಂತಾದವರ ಅರ್ಜಿಯನ್ನು ಕೇಳಬಹುದು ಎಂದು ಕರ್ನಾಟಕ ಹೈಕೋರ್ಟು ಹೇಳಿತು. ಹಾಗೆ ಹೇಳಿದ ಹೈಕೋರ್ಟುಗಳು ಒಟ್ಟು 9. ಈ ಸಲ ಮೇಲೆ ಓಡಿದ್ದು ಕೈದಿಯಲ್ಲ, ಸರ್ಕಾರ. ಸರ್ಕಾರಕ್ಕೆ ಬಾಗಿಲು ತೆರೆಯಿತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ಕೈದಿಗೆ ಕೋರ್ಟಿಗೆ ಬರುವ ಹಕ್ಕೇ ಇಲ್ಲ ಅಂದರು. ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುತಿಂಗಳು ಸ್ನೇಹಲತಾ ರೆಡ್ಡಿಯವರನ್ನು ಹಿಡಿದು ಬೆಂಗಳೂರು ಜೈಲಿಗೆ ಹಾಕಿದರು. ಅಸ್ತಮಾದಿಂದ ನರಳಿ, ಪೆರೋಲಿನ ಮೇಲೆ ಹೊರಬಂದು, 1977ರ ಜನವರಿ 20ರಂದು ತೀರಿಕೊಂಡರು.

1978ರ 44ನೇ ತಿದ್ದುಪಡಿ ಜೀವದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲೂ ಕಸಿಯದಂತೆ ಮಾಡಿತು. ಆ ತೀರ್ಪನ್ನು ಸುಪ್ರೀಂ ಕೋರ್ಟು ರದ್ದುಮಾಡಿದ್ದು ಮಾತ್ರ 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ.

ಹಳ್ಳಿ ಮೇಷ್ಟ್ರುಗಳಿಗೆ ಒಂದು ಮಾತು. ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹಿಡಿದೊಯ್ದವನೇ ಹಾಕಬೇಕಿಲ್ಲ. ಹೆಂಡತಿ, ಗೆಳೆಯ ಯಾರೂ ಹಾಕಬಹುದು. ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಬರೆದ ಕಾಗದವನ್ನೇ ಸುಪ್ರೀಂ ಕೋರ್ಟು ಅರ್ಜಿ ಎಂದು ಎತ್ತಿಕೊಂಡದ್ದುಂಟು. ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. ಅಲ್ಲಿಯ ತನಕ ಸುರಪುರದ ತಾಯಿ ಮಗನಿಗಾಗಿ ಬೆಂಗಳೂರಿಗೇ ಹೋಗಬೇಕಿತ್ತು. ಈಗ ಕಲಬುರಗಿ ಬಸ್ಸು ಹತ್ತಿದರೆ ಸಾಕು. ಅಲ್ಲಿ ವಾದ, ತೀರ್ಪು ನಡೆಯುವುದು ಇಂಗ್ಲಿಷಿನಲ್ಲೇ.