ಪುಣೆಯಲ್ಲಿರುವ ರಕ್ಕಸತಂಗಡಿ

ರಕ್ಕಸತಂಗಡಿಯ ಹೆಸರೆತ್ತಿದೊಡನೆ ನಮ್ಮ ಮನಸ್ಸು ಹಂಪೆಗೆ ಹೋಗುತ್ತದೆ. ವಿಜಾಪುರ, ಬಾಗಲಕೋಟೆ, ಕಲಬುರ್ಗಿ, ಧಾರವಾಡ, ಬೆಳಗಾವಿಗಳ ಕಡೆಯಿಂದ ಉದ್ಯೋಗಕ್ಕೆಂದು ಬಂದು ಪುಣೆಯಲ್ಲಿ ನೆಲೆನಿಂತ ನಮಗೆ ಆ ಯುದ್ಧವೆಂದರೆ ಊರಿನ ಕಡೆಯ ಕಥೆ. ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಕರೆದೊಯ್ದು ಹಾಳುಬಿದ್ದ ಕಲ್ಲುಗಳ ನಡುವೆ ನಿಂತು ಹೇಳುವ ಕಥೆ. ಆದರೆ ಆ ಯುದ್ಧದ ಬಗೆಗೆ ಅದೇ ಕಾಲದಲ್ಲಿ ಬರೆದ, ಬಣ್ಣದ ಚಿತ್ರಗಳುಳ್ಳ ಗ್ರಂಥವೊಂದು ಇರುವುದು ಹಂಪೆಯಲ್ಲಲ್ಲ, ವಿಜಾಪುರದಲ್ಲಿಯೂ ಅಲ್ಲ, ನಮ್ಮ ಪುಣೆಯ ಸದಾಶಿವ ಪೇಠದಲ್ಲಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಪಾಲಿಗೆ ನಿಜವಾಗಿದೆ. ನಾವೂ ಎಷ್ಟೋ ವರ್ಷ ಆ ರಸ್ತೆಯಲ್ಲಿ ಓಡಾಡಿದವರೇ. ಒಳಗೆ ಇಂಥದೊಂದು ಇದೆಯೆಂಬುದು ತಿಳಿದದ್ದು ಮಾತ್ರ ತೀರ ತಡವಾಗಿ.

ತಿಳಿಯುವಂತೆ ಮಾಡಿದ್ದು ನಮ್ಮ ಮೊಮ್ಮಗಳ ಒಂದು ಪ್ರಶ್ನೆ. ಈಚಿನ ವರ್ಷಗಳಲ್ಲಿ ಹಳೆಯ ನಕ್ಷೆಗಳನ್ನೂ ಹಸ್ತಪ್ರತಿಗಳ ಚಿತ್ರಗಳನ್ನೂ ಸೇರಿಸಿ ಅಂದವಾಗಿ ಅಚ್ಚುಹಾಕಿದ ಇತಿಹಾಸದ ಪುಸ್ತಕಗಳು ಬರುತ್ತಿವೆಯಷ್ಟೆ. ಅಂಥದೊಂದನ್ನು ಮಗ ತಂದಿದ್ದ. ಮಗು ಪುಟ ತಿರುವುತ್ತ ಒಂದು ಚಿತ್ರದ ಮೇಲೆ ಬೆರಳಿಟ್ಟು ಕೇಳಿದಳು: "ಅಜ್ಜಾ, ರಾಜನ ಬಾಜೂಕ ಯಾರೋ ಕೂತಿದ್ರಲ್ಲ, ಅವರನ್ನ ಯಾಕ ಅಳಿಸ್ಯಾರ?" ನೋಡಿದರೆ ಹೌದು. ರಾಜನಿದ್ದಾನೆ, ಪರಿವಾರವಿದೆ, ಅವನ ಮಗ್ಗುಲಲ್ಲಿ ಮಾತ್ರ ಬಣ್ಣ ಬಳಿದು ಕೆಡಿಸಿದ ಒಂದು ಆಕಾರ. ನಮಗೆ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತ ಹೋದಾಗ ದಾರಿ ಭಾರತ ಇತಿಹಾಸ ಸಂಶೋಧಕ ಮಂಡಳದ ಬಾಗಿಲಿಗೇ ಬಂದು ನಿಂತಿತು.

ಇತಿಹಾಸಾಚಾರ್ಯ ರಾಜವಾಡೆಯವರು 1910ರಲ್ಲಿ ಕಟ್ಟಿದ ಸಂಸ್ಥೆ ಅದು. ಮರಾಠರ ಕಾಗದಪತ್ರಗಳ ಸಂಗ್ರಹಕ್ಕೆ ಹೆಸರಾದ ಆ ಮನೆಯಲ್ಲಿಯೇ 'ತಾರೀಫ್-ಇ-ಹುಸೇನಶಾಹಿ' ಎಂಬ ಪಾರಸಿ ಕಾವ್ಯದ ಹಸ್ತಪ್ರತಿಯೂ ಇದೆ. ಬರೆದವನು ಅಫ್ತಾಬಿ ಎಂಬ ಕವಿ. ಅಹಮದನಗರದ ಹುಸೇನ್ ನಿಜಾಮಶಹನ ಗುಣಗಾನವೇ ಅದರ ವಸ್ತು: ಅವನ ಪಟ್ಟ, ಅವನ ಮದುವೆ, ಅವನ ರಾಣಿಯ ಚೆಲುವು, ಕೊನೆಗೆ 1565ರ ಜನವರಿ 23ರಂದು ವಿಜಯನಗರದ ಮೇಲೆ ಪಡೆದ ಗೆಲುವು. ಹನ್ನೆರಡರಷ್ಟು ಚಿತ್ರಗಳು ಅದರಲ್ಲಿ ಉಳಿದಿವೆ. ದಖನಿನ ಚಿತ್ರಕಲೆಯಲ್ಲಿ ನಮಗೆ ದೊರೆತಿರುವ ಅತಿ ಹಳೆಯ ಕೃತಿಗಳಲ್ಲಿ ಇದೊಂದೆಂದು ಕಲಾವಿಮರ್ಶಕರು ಎಣಿಸುತ್ತಾರೆ. ಜಿ. ಟಿ. ಕುಲಕರ್ಣಿ ಮತ್ತು ಎಂ. ಎಸ್. ಮಾಟೆ ಎಂಬ ವಿದ್ವಾಂಸರು ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಸಿದ್ಧಪಡಿಸಿದರು. ಮಂಡಳವೇ 1987ರಲ್ಲಿ ಅದನ್ನು ಪ್ರಕಟಿಸಿತು.

ಈಗ ಚಿತ್ರಗಳ ಮಾತು. ಯುದ್ಧದ ಗದ್ದಲ, ಆನೆ ಕುದುರೆಗಳ ನುಗ್ಗಾಟ, ಅಳಿಯ ರಾಮರಾಯನ ಶಿರಚ್ಛೇದ, ಎಲ್ಲವೂ ಅದರಲ್ಲಿವೆ. ಇಂದು ಎಷ್ಟೋ ಪುಸ್ತಕಗಳಲ್ಲಿ ರಾಮರಾಯನ ಕೊನೆಯೆಂದು ನಾವು ಕಾಣುವುದು ಈ ಚಿತ್ರವನ್ನೇ. ಕನ್ನಡಿಗನಾದವನಿಗೆ ಅದನ್ನು ನೋಡುವುದು ಸುಲಭವಲ್ಲ. ಆದರೆ ನೋಡುವಾಗ ಒಂದು ಮಾತನ್ನು ಮರೆಯಬಾರದು. ಅದು ಗೆದ್ದವನ ಮನೆಯ ಚಿತ್ರ. ಬಣ್ಣಕ್ಕೆ, ಕಾಗದಕ್ಕೆ, ಕವಿಯ ಊಟಕ್ಕೆ ಹಣ ಕೊಟ್ಟದ್ದು ಅಹಮದನಗರದ ಬೊಕ್ಕಸ. ಆದುದರಿಂದ ಗೆಲುವೆಲ್ಲ ಹುಸೇನಶಹನದೇ ಎಂಬಂತೆ ಅಲ್ಲಿ ಬಂದಿದೆ. ಜೊತೆಗೆ ಹೋರಾಡಿದ ವಿಜಾಪುರ, ಗೋಲ್ಕೊಂಡ, ಬೀದರಗಳಿಗೆ ಅಲ್ಲಿ ಸಿಗುವ ಗೌರವ ಅಷ್ಟಕ್ಕಷ್ಟೆ. ಅದೇ ಯುದ್ಧವನ್ನು ನಾಲ್ವತ್ತು ವರ್ಷಗಳ ತರುವಾಯ ವಿಜಾಪುರದ ಆಸ್ಥಾನದಲ್ಲಿ ಕುಳಿತು ಬರೆದ ಫರಿಶ್ತಾನ ವರದಿ ಬೇರೆ. ಕನ್ನಡದ 'ರಾಮರಾಜನ ಬಖೈರು' ಹೇಳುವ ರೀತಿ ಬೇರೆ. 1567ರಲ್ಲಿ ಹಂಪೆಯಲ್ಲಿ ಏಳು ತಿಂಗಳಿದ್ದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಕೇಳಿ ಬರೆದುಕೊಂಡದ್ದು ಇನ್ನೂ ಬೇರೆ. ಚಿತ್ರವನ್ನು ಕಂಡಾಗ ಕಣ್ಣಾರೆ ಕಂಡಂತಾಗುತ್ತದೆ. ವಾಸ್ತವದಲ್ಲಿ ನಾವು ಕಂಡದ್ದು ಒಬ್ಬ ಸಾಕ್ಷಿಯ ಹೇಳಿಕೆ ಮಾತ್ರ.

ಇನ್ನು ಆ ಅಳಿಸಿದ ಆಕಾರ. ಅವಳು ರಾಣಿ ಖುಂಜಾ ಹುಮಾಯೂನ್. ಗೆದ್ದು ಬಂದ ಹುಸೇನಶಹ ಅದೇ 1565ರಲ್ಲಿ ತೀರಿಕೊಂಡ. ಮಗ ಮುರ್ತಜಾ ಇನ್ನೂ ಎಳೆಯ. ರಾಜ್ಯಭಾರವನ್ನು ತಾಯಿಯೇ ವಹಿಸಿಕೊಂಡಳು. ಗ್ರಂಥ ಸಿದ್ಧವಾದದ್ದು ಅವಳ ಆಡಳಿತದ ದಿನಗಳಲ್ಲಿಯೇ ಎಂದು ವಿದ್ವಾಂಸರು ಊಹಿಸುತ್ತಾರೆ. ರಾಣಿಗೆ ಅದರಲ್ಲಿ ಅಷ್ಟು ಎದ್ದುಕಾಣುವ ಸ್ಥಾನ ಸಿಕ್ಕಿರುವುದಕ್ಕೆ ಅದೇ ಕಾರಣವಿರಬೇಕು. ಆದರೆ 1569ರ ಸುಮಾರಿಗೆ ಸರದಾರರ ಮಾತು ಕೇಳಿ ಮಗನೇ ತಾಯಿಯನ್ನು ಸೆರೆಯಲ್ಲಿಟ್ಟ. ಅವಳ ಅಧಿಕಾರ ಹೋದ ಮೇಲೆ ಪುಸ್ತಕದೊಳಗಿನ ಅವಳ ರೂಪಗಳ ಮೇಲೂ ಯಾರದೋ ಕೈ ಆಡಿತು. ಚಿತ್ರಕ್ಕೆ ಚಿತ್ರವನ್ನೇ ಹರಿದು ಹಾಕಲಿಲ್ಲ. ರಾಜನ ಆಕೃತಿಯನ್ನು ಉಳಿಸಿ ಅವಳದನ್ನಷ್ಟೇ ಕೆಡಿಸಿದರು.

ಒಂದು ಚಿತ್ರ ಮಾತ್ರ ಪಾರಾಗಿದೆ. ಅದರಲ್ಲಿ ಒಬ್ಬ ಚೆಲುವೆ ಮರವನ್ನು ಮುಟ್ಟುತ್ತಾಳೆ. ಅವಳ ಸ್ಪರ್ಶದಿಂದ ಮರ ಹೂಬಿಡುತ್ತದೆ. ಇದು ನಮ್ಮ ಕಾವ್ಯಗಳ ದೋಹದದ ಕಲ್ಪನೆ. ಬಾದಾಮಿಯ ಗುಹೆಗಳಲ್ಲಿ, ಬೇಲೂರಿನ ಗುಡಿಯಲ್ಲಿ ಮರದ ಕೆಳಗೆ ನಿಂತ ಹೆಣ್ಣುಗಳನ್ನು ಕಂಡವರಿಗೆ ಅವಳ ಗುರುತು ಕೂಡಲೆ ಹತ್ತುತ್ತದೆ. ವಿಜಯನಗರದ ಸೋಲನ್ನು ಹಾಡಲು ಬರೆದ ಪಾರಸಿ ಗ್ರಂಥದಲ್ಲಿ ನಮ್ಮ ಶಾಲಭಂಜಿಕೆ ಬಂದು ನಿಂತಿದ್ದಾಳೆಂದರೆ ಅದನ್ನು ಏನೆನ್ನಬೇಕು? ಚಿತ್ರಕಾರನ ಕೈಗೆ ಆ ನೆಲದ ರೂಢಿ ಗೊತ್ತಿತ್ತು ಎಂದೇ ಅರ್ಥ.

ಇಲ್ಲಿಂದ ಮುಂದೆ ನಾವು ಚಿಕ್ಕಂದಿನಲ್ಲಿ ಕಲಿತ ಕಥೆ ಸ್ವಲ್ಪ ತೊಡಕಾಗುತ್ತ ಹೋಗುತ್ತದೆ. ನಿಜಾಮಶಾಹಿಯ ಮೂಲಪುರುಷನಾದ ಮಲಿಕ್ ಹಸನ್ ಯಾರು? ಫರಿಶ್ತಾ ಬರೆಯುವಂತೆ ಅವನು ವಿಜಯನಗರದ ಸೀಮೆಯಿಂದ ಬಹಮನಿಯವರು ಸೆರೆಹಿಡಿದು ತಂದ ಬ್ರಾಹ್ಮಣ ಹುಡುಗ, ಹೆಸರು ತಿಮ್ಮಪ್ಪ. ಹಾಗಾದರೆ ರಾಮರಾಯನ ತಲೆ ತೆಗೆಸಿದ ಹುಸೇನಶಹನ ಮುತ್ತಜ್ಜ ತಿಮ್ಮಪ್ಪ! ವಿಜಾಪುರದ ಅಲಿ ಆದಿಲಶಹ ರಾಮರಾಯನಿಗೆ ಪುತ್ರಶೋಕವಾದಾಗ ತಾನೇ ವಿಜಯನಗರಕ್ಕೆ ಹೋಗಿ ಸಂತೈಸಿದವನು. ರಾಮರಾಯನ ಮಡದಿ ಅವನನ್ನು ಮಗನೆಂದು ಬರಮಾಡಿಕೊಂಡಳಂತೆ. ಗೋಲ್ಕೊಂಡದ ಇಬ್ರಾಹಿಂ ಕುತುಬಶಹ ಪಟ್ಟಕ್ಕೆ ಬರುವ ಮುನ್ನ ಅಣ್ಣನಿಗೆ ಹೆದರಿ ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದ. ರಾಮರಾಯನ ದಂಡಿನಲ್ಲಿ ಮುಸಲ್ಮಾನ ದಳಪತಿಗಳಿದ್ದರು. ಅವರಲ್ಲಿಬ್ಬರು ರಣರಂಗದಲ್ಲಿ ಕೈಕೊಟ್ಟರೆಂದು ಸೀಸರ್ ಫ್ರೆಡರಿಕ್ ಹೇಳುತ್ತಾನೆ. ಅದಕ್ಕೂ ಮುಂಚೆ, 1560ರ ಆಸುಪಾಸಿನಲ್ಲಿ, ಇದೇ ರಾಮರಾಯ ಇದೇ ಆದಿಲಶಹನ ಜೊತೆಗೂಡಿ ಅಹಮದನಗರಕ್ಕೆ ಮುತ್ತಿಗೆ ಹಾಕಿದ್ದ. ಇದು ಅಪರಿಚಿತರ ನಡುವೆ ನಡೆದ ಯುದ್ಧವಲ್ಲ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಂಡವರ ನಡುವೆ ನಡೆದದ್ದು. ಹಂಪೆಯ ದುಃಖ ಇದರಿಂದ ಕಡಿಮೆಯಾಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚೇ ಆಗುತ್ತದೆ.

ಚಿತ್ರಗಳ ಹಾಗೆಯೇ ನಕ್ಷೆಗಳ ಸಂಗತಿಯೂ. ನಾವು ಶಾಲೆಯಲ್ಲಿ ಕಂಡ ಭೂಪಟದಲ್ಲಿ ಕೃಷ್ಣೆಯ ಕೆಳಗೆಲ್ಲ ಒಂದು ಬಣ್ಣ, ಮೇಲೆಲ್ಲ ಇನ್ನೊಂದು. ನಡುವೆ ಗೋಡೆಯಂಥ ಗೆರೆ. ವಾಸ್ತವದಲ್ಲಿ ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆ ಎರಡು ಶತಮಾನ ಕಾಲ ಅತ್ತಿಂದಿತ್ತ ಕೈಬದಲಾಯಿಸುತ್ತಲೇ ಇತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದದ್ದು ಆ ಸಾಲಿನಲ್ಲಿ ಒಂದು ಘಟನೆ. ಅಂಥ ನೆಲಕ್ಕೆ ಯಾವ ಬಣ್ಣ ಬಳಿಯುವುದು? ಯುದ್ಧದ ಹೆಸರನ್ನೇ ನೋಡಿ. ತಾಳಿಕೋಟೆ ಯುದ್ಧ ಎನ್ನುತ್ತೇವೆ. ತಾಳಿಕೋಟೆ ಡೋಣಿ ನದಿಯ ದಂಡೆಯ ಊರು, ಕೃಷ್ಣೆಯ ಉತ್ತರಕ್ಕೆ. ಸುಲ್ತಾನರ ದಂಡು ಬೀಡುಬಿಟ್ಟಿದ್ದು ಅಲ್ಲಿ. ಅವರು ಬೇರೆ ಕಡೆ ನದಿ ದಾಟುವಂತೆ ನಟಿಸಿ, ಕಾವಲಿದ್ದವರನ್ನು ದಾರಿತಪ್ಪಿಸಿ, ತಿರುಗಿ ಬಂದು ಮೊದಲಿನ ಕಡೆಯಲ್ಲಿಯೇ ಹೊಳೆ ದಾಟಿದರೆಂದು ಫರಿಶ್ತಾ ವಿವರಿಸುತ್ತಾನೆ. ಕಾದಾಟ ನಡೆದದ್ದು ದಕ್ಷಿಣದ ದಂಡೆಯ ಆಚೆ, ತಾಳಿಕೋಟೆಯಿಂದ ಬಹು ದೂರ. ರಕ್ಕಸಗಿ, ತಂಗಡಗಿ ಎಂಬ ಹೊಳೆಸಾಲಿನ ಹಳ್ಳಿಗಳ ಹೆಸರನ್ನು ಕನ್ನಡದವರು ಯುದ್ಧಕ್ಕೆ ಇಟ್ಟುಕೊಂಡದ್ದು ನೆಲಕ್ಕೆ ಹೆಚ್ಚು ಹತ್ತಿರವಾಗಿದೆ. ನಕ್ಷೆಯನ್ನು ಬಿಡಿಸಿಟ್ಟುಕೊಂಡು ಓದದಿದ್ದರೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ಹೊಸ ಪುಸ್ತಕಗಳ ಉಪಕಾರವಿರುವುದು ಇಲ್ಲಿಯೇ. ನಮ್ಮ ಚರಿತ್ರೆಯ ಸಾಮಗ್ರಿ ದಿಕ್ಕುದಿಕ್ಕಿಗೆ ಚದುರಿಹೋಗಿದೆ. ರಕ್ಕಸತಂಗಡಿಯಾಗಿ ಐದೇ ವರ್ಷಕ್ಕೆ, 1570ರಲ್ಲಿ, ವಿಜಾಪುರದಲ್ಲಿ ಸಿದ್ಧವಾದ 'ನುಜೂಮ್-ಉಲ್-ಉಲೂಮ್' ಎಂಬ ಅಪೂರ್ವ ಚಿತ್ರಗ್ರಂಥ ಈಗ ಐರ್ಲೆಂಡಿನ ಡಬ್ಲಿನ್ ನಗರದಲ್ಲಿದೆ. ಹನ್ನೆರಡನೆಯ ಶತಮಾನದ ಚಿತ್ರಗಳುಳ್ಳ ಧವಲ ಗ್ರಂಥದ ತಾಳೆಗರಿಗಳು ಮೂಡಬಿದಿರೆಯ ಬಸದಿಯಲ್ಲಿ ಉಳಿದುಬಂದವು. ಹಂಪೆಯ ಅವಶೇಷಗಳನ್ನು 1799ರಲ್ಲಿ ಅಳೆದು ನಕ್ಷೆ ಬರೆಸಿದ ಕರ್ನಲ್ ಮೆಕೆಂಜಿಯ ಸಂಗ್ರಹ ಲಂಡನ್ನಿಗೂ ಮದರಾಸಿಗೂ ಹಂಚಿಹೋಯಿತು. 1978ರಲ್ಲಿ ಶ್ವಾರ್ಟ್ಸ್‌ಬರ್ಗ್ ಎಂಬ ವಿದ್ವಾಂಸರ ಸಂಪಾದಕತ್ವದಲ್ಲಿ ಶಿಕಾಗೊದಿಂದ ಬಂದ ದಕ್ಷಿಣ ಏಷ್ಯಾದ ಐತಿಹಾಸಿಕ ಭೂಪಟ, 1983ರಲ್ಲಿ ಮಾರ್ಕ್ ಜೆಬ್ರೋಸ್ಕಿ ದಖನಿನ ಚಿತ್ರಕಲೆಯನ್ನು ಕುರಿತು ಬರೆದ ಗ್ರಂಥ, 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ದಖನಿನ ಸುಲ್ತಾನರ ಕಲೆಯ ಪ್ರದರ್ಶನ ನಡೆಸಿ ಹೊರತಂದ ಸಚಿತ್ರ ಸಂಪುಟ, ಇವೆಲ್ಲ ಚದುರಿದ್ದನ್ನು ಒಂದೆಡೆ ಕೂಡಿಸಿದವು. ಹಿಂದೆ ಪಂಡಿತರಿಗೂ ದುರ್ಲಭವಾಗಿದ್ದ ಚಿತ್ರಗಳು ಇಂದು ಸಾಮಾನ್ಯ ಮನೆಯ ಮೇಜಿನ ಮೇಲಿವೆ. ಇದು ಸಣ್ಣ ಲಾಭವಲ್ಲ.

ಆದರೂ ಒಂದು ಎಚ್ಚರ ಬೇಕು. ಪುಸ್ತಕ ಮಾಡುವವರು ಎಷ್ಟೋ ಸಲ ಚಿತ್ರವನ್ನು ಅಲಂಕಾರಕ್ಕೆಂದು ಹಾಕಿ ಕೆಳಗೆ "ತಾಳಿಕೋಟೆ ಯುದ್ಧ" ಎಂದು ಎರಡು ಶಬ್ದ ಬರೆದು ಮುಗಿಸುತ್ತಾರೆ. ಯಾರು ಬರೆಸಿದ್ದು, ಯಾವಾಗ, ಯಾವ ಗ್ರಂಥದ್ದು, ಅದು ಎಲ್ಲಿದೆ ಎಂಬುದಿಲ್ಲ. ಆಗ ಗೆದ್ದವನ ಜಂಭವೇ ಮಗುವಿನ ಕಣ್ಣಿಗೆ ಇತಿಹಾಸವಾಗುತ್ತದೆ; ಒಬ್ಬರಲ್ಲಿ ಸೇಡು, ಇನ್ನೊಬ್ಬರಲ್ಲಿ ಹಮ್ಮು ಹುಟ್ಟುತ್ತದೆ. ಹೊರನಾಡಿನಲ್ಲಿರುವ ನಮಗೆ ಈ ಮಾತು ಇನ್ನೂ ಮುಖ್ಯ. ನಮ್ಮ ಮಕ್ಕಳು ಶಾಲೆಯಲ್ಲಿ ಒಂದು ಇತಿಹಾಸ ಓದುತ್ತಾರೆ, ಮನೆಯಲ್ಲಿ ಇನ್ನೊಂದು ಕೇಳುತ್ತಾರೆ, ಅಂಗಳದಲ್ಲಿ ಆಡುವುದು ಎಲ್ಲರೊಡನೆ. ಮನೆಯವರಾದ ನಾವು ಅವರಿಗೆ ಕಲಿಸಬಹುದಾದದ್ದು ಮೂರು ಪ್ರಶ್ನೆ: ಈ ಚಿತ್ರಕ್ಕೆ ಹಣ ಕೊಟ್ಟವರು ಯಾರು? ಇದರಲ್ಲಿ ಯಾರು ಇಲ್ಲ? ಇದ್ದವರನ್ನು ಯಾರಾದರೂ ಅಳಿಸಿದ್ದಾರೆಯೆ? ಮೂರನ್ನೂ ಕೇಳಲು ಕಲಿತ ಮಗು ಯಾರ ಮಾತಿಗೂ ಸುಲಭವಾಗಿ ಮರುಳಾಗದು.

ನಮ್ಮ ಸಂಘಕ್ಕೂ ಒಂದು ಬಿನ್ನಹ. ಮೂಲ ಹಸ್ತಪ್ರತಿ ನಾಲ್ಕೂವರೆ ಶತಮಾನದ ಹಳೆಯ ವಸ್ತು. ಅದನ್ನು ಎಲ್ಲರ ಕೈಗೆ ಕೊಡಲಾಗದು, ಕೊಡಲೂಬಾರದು. ಆದರೆ 1987ರ ಪ್ರಕಟಣೆಯ ಒಂದು ಪ್ರತಿಯನ್ನು ದೊರಕಿಸಿಕೊಂಡು, ಬಲ್ಲವರೊಬ್ಬರನ್ನು ಕರೆಸಿ, ಒಂದು ಭಾನುವಾರ ಮಕ್ಕಳ ಮುಂದೆ ಚಿತ್ರಗಳನ್ನು ತೋರಿಸಿ ಮಾತಾಡಿಸಬಹುದಲ್ಲ? ರಾಜ್ಯೋತ್ಸವದ ಕುಣಿತ ಹಾಡುಗಳ ಜೊತೆಗೆ ಇದೂ ಒಂದು ಸೇವೆ.

ಅಂದು ಮೊಮ್ಮಗಳಿಗೆ ಕೊಟ್ಟ ಉತ್ತರವನ್ನು ಹೇಳಿ ಮುಗಿಸುತ್ತೇವೆ. ಅಳಿಸಿದವರಿಗೆ ರಾಣಿಯ ಚಿತ್ರವಷ್ಟೇ ಸಿಕ್ಕಿತು, ಅವಳ ಮಗಳು ಸಿಗಲಿಲ್ಲ ಎಂದೆವು. ರಕ್ಕಸತಂಗಡಿಗೆ ಮುಂಚೆ ಅಹಮದನಗರ ವಿಜಾಪುರಗಳ ಕೂಟ ಬೆಸೆಯಲೆಂದು ಅಲಿ ಆದಿಲಶಹನಿಗೆ ಕೊಟ್ಟು ಮದುವೆ ಮಾಡಿದ ಹುಡುಗಿ, ಸೊಲ್ಲಾಪುರದ ಕೋಟೆಯನ್ನು ವರದಕ್ಷಿಣೆಯಾಗಿ ತಂದ ಹುಡುಗಿ, ಮುಂದೆ 1595-96ರಲ್ಲಿ ಅಕಬರನ ಸೈನ್ಯಕ್ಕೆ ಎದುರಾಗಿ ಅಹಮದನಗರದ ಕೋಟೆಯನ್ನು ಕಾದ ಚಾಂದಬೀಬಿಯೇ ಆ ಮಗಳು. ಅವಳಿಗೆ ಕನ್ನಡವೂ ಮರಾಠಿಯೂ ಬರುತ್ತಿದ್ದುವಂತೆ. ಮಗು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನನ್ನ ಹಂಗ" ಎಂದಳು. ನಮಗೆ ಅದಕ್ಕಿಂತ ಹೆಚ್ಚಿನ ಸಮಾಧಾನ ಬೇಕಾಗಲಿಲ್ಲ.