ಮೈಕೆಲ್ಯಾಂಜಲೊನ ಶಿಲುಬೆಯ ಕ್ರಿಸ್ತ: ಒಂದು ಭಕ್ತಿಚಿತ್ರದ ಇತಿಹಾಸ

ಇಟಲಿಯ ಪುನರುಜ್ಜೀವನ ಕಾಲದ ಕಲಾವಿದರಿಗೆ ರೇಖಾಚಿತ್ರವೆಂದರೆ ಬಹುಮಟ್ಟಿಗೆ ಪೂರ್ವಸಿದ್ಧತೆ. ಗೋಡೆಯ ಮೇಲೋ ಹಲಗೆಯ ಮೇಲೋ ಬಣ್ಣದ ಚಿತ್ರ ಮೂಡಿದರೆ ಹಾಳೆಯ ಕೆಲಸ ಮುಗಿಯಿತು. ಮೈಕೆಲ್ಯಾಂಜಲೊ (1475–1564) 1532ರ ಸುಮಾರಿಗೆ ಗೆಳೆಯ ತೊಮ್ಮಾಸೊ ಕವಾಲಿಯೆರಿಗೆ ಗ್ರೀಕ್ ಪುರಾಣದ ಚಿತ್ರಗಳನ್ನು ಬರೆದುಕೊಟ್ಟಾಗ ಹಾಳೆಯೇ ಪೂರ್ಣಕೃತಿಯಾಗಿ ಉಡುಗೊರೆಯಾಯಿತು. ಕೆಲವು ವರ್ಷಗಳ ತರುವಾಯ ಪೆಸ್ಕಾರಾದ ಮಾರ್ಕೆಸಾ, ಕವಯಿತ್ರಿ ವಿಟ್ಟೋರಿಯಾ ಕೊಲೊನ್ನಾಗೆ (ನಿಧನ 1547) ಬರೆದುಕೊಟ್ಟ ಕ್ರಿಸ್ತನ ಚಿತ್ರಗಳೂ ಇದೇ ಜಾತಿಯವು. ಅವುಗಳಲ್ಲಿ ಶಿಲುಬೆಯ ಚಿತ್ರ ಕಪ್ಪು ಚಾಕಿನದು, ಎತ್ತರ ಸುಮಾರು 37 ಸೆಂ.ಮೀ. ದೂರ ನಿಂತು ಮೆಚ್ಚುವುದಕ್ಕಲ್ಲ, ಹತ್ತಿರ ಹಿಡಿದು ನಿಧಾನವಾಗಿ ನೋಡುತ್ತ ಪ್ರಾರ್ಥಿಸುವುದಕ್ಕೆಂದೇ ಇದು ರೂಪುಗೊಂಡಿತೆನ್ನಲು ಮೊದಲ ಸಾಕ್ಷಿ ಹಾಳೆಯೇ. ಅಲ್ಲಿನ ಕ್ರಿಸ್ತ ಸತ್ತಿಲ್ಲ. ಮುಖವನ್ನು ಮೇಲಕ್ಕೆತ್ತಿ ತಂದೆಯನ್ನು ಕೂಗುವ ಜೀವಂತ ಕ್ರಿಸ್ತ ಅವನು. ರೂಢಿಗೆ ಭಿನ್ನವಾದ ಈ ಸಂಗತಿಯನ್ನು 1553ರ ಜೀವನಚರಿತ್ರೆಯಲ್ಲಿ ಅಸ್ಕಾನಿಯೊ ಕೊಂಡಿವಿಯೇ ಗುರುತಿಸಿದ್ದಾನೆ. ಮೈಯ ಮೇಲಿನ ನೆರಳು ಎಷ್ಟು ನಯವೆಂದರೆ ಚಾಕಿನ ಗೆರೆಗಳೇ ಕಾಣಿಸುವುದಿಲ್ಲ. ತೋಳುಗಳ ಕೆಳಗೆ ಶೋಕಿಸುವ ಇಬ್ಬರು ದೇವದೂತರಾದರೋ ಮಸುಕಾಗಿ, ಕಾಗದದೊಳಗೆ ಅರ್ಧ ಕರಗಿದಂತಿದ್ದಾರೆ. ಕಣ್ಣು ಕ್ರಿಸ್ತನಲ್ಲಿ ನೆಲೆಗೊಂಡ ಮೇಲಷ್ಟೇ ಅವರ ದುಃಖ ತಿಳಿಯುತ್ತದೆ. ಶಿಲುಬೆಯ ಬುಡದಲ್ಲಿ ತಲೆಬುರುಡೆಯಿದೆ. ಅಲ್ಲಿ ನಿಲ್ಲಬೇಕಾಗಿದ್ದ ಮರಿಯಳಾಗಲಿ ಯೋಹಾನನಾಗಲಿ ಇಲ್ಲ. ಆ ತೆರಪು ನೋಡುವವರಿಗೆ ಮೀಸಲೆಂದೇ ಭಾವಿಸಬೇಕಾಗುತ್ತದೆ.

ಎರಡನೆಯ ಸಾಕ್ಷಿ ಕೊಲೊನ್ನಾಳ ಪತ್ರಗಳು. ಈ ಚಿತ್ರದ್ದೆಂದು ಸಾಮಾನ್ಯವಾಗಿ ಗುರುತಿಸಲಾಗುವ ಪತ್ರದಲ್ಲಿ ಆಕೆ ಅದನ್ನು ದೀಪದ ಬೆಳಕಿನಲ್ಲಿ, ಗಾಜಿನಿಂದ, ಕನ್ನಡಿಯಿಂದ ಪರೀಕ್ಷಿಸಿದೆನೆಂದೂ ಇಷ್ಟು ಪರಿಪೂರ್ಣವಾದುದನ್ನು ಕಂಡಿಲ್ಲವೆಂದೂ ಬರೆಯುತ್ತಾಳೆ. ಇದು ಕಲಾರಸಿಕಳ ಮೆಚ್ಚುಗೆಯೇ ಹೊರತು ಭಕ್ತಿಯಲ್ಲ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಗಾಜು, ಕನ್ನಡಿಗಳು ಪೂಜೆಯ ಸಲಕರಣೆಗಳಲ್ಲವಷ್ಟೆ. ಆದರೆ ಇನ್ನೊಂದು ಪತ್ರದಲ್ಲಿ ಅದೇ ಕಣ್ಣು ಬಲಗಡೆಯ ದೇವದೂತನ ಹೆಚ್ಚಿನ ಚೆಲುವನ್ನು ಗಮನಿಸುತ್ತದೆ, ಅಂತಿಮ ದಿನದಂದು ದೇವದೂತ ಮಿಕಾಯೇಲನು ಕಲಾವಿದನನ್ನು ಪ್ರಭುವಿನ ಬಲಗಡೆಗೆ ಸೇರಿಸುವನೆಂಬ ನಂಬಿಕೆಗೆ ಅದನ್ನು ಜೋಡಿಸುತ್ತದೆ. ಕುಶಲತೆಯನ್ನು ಅಳೆಯುವುದೂ ಮೋಕ್ಷವನ್ನು ನೆನೆಯುವುದೂ ಆಕೆಗೆ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ದೇವರ ಕೃಪೆ ದುಡಿದು ಗಳಿಸುವುದಲ್ಲ, ವರವಾಗಿ ಬರುವುದು ಎಂಬ ವಿಚಾರಕ್ಕೆ ಒತ್ತುಕೊಟ್ಟ, ಕಾರ್ಡಿನಲ್ ರೆಜಿನಾಲ್ಡ್ ಪೋಲ್‌ನ ಬಳಗಕ್ಕೆ ಆಕೆ ಆಪ್ತಳಾಗಿದ್ದಳು. ಕ್ರಿಸ್ತನ ಚಿತ್ರ ಮಾರಾಟದ ಸರಕಾಗದೆ ಉಡುಗೊರೆಯಾಗಿ ಬಂದದ್ದು ಅಂಥವಳಿಗೆ ಸಣ್ಣ ಸಂಗತಿಯಲ್ಲ.

ಚಿತ್ರ ಬೇಗನೆ ಬಣ್ಣದ ಪ್ರತಿಗಳಾಗಿ, ಮುದ್ರಣಗಳಾಗಿ ಹರಡಿತು, ಹಾಗಿದ್ದ ಮೇಲೆ ಏಕಾಂತದ ಕೃತಿ ಹೇಗಾದೀತು ಎಂದೂ ಕೇಳಬಹುದು. ಪ್ರತಿಗಳು ತಮಗರಿಯದೆಯೇ ಉತ್ತರ ಕೊಡುತ್ತವೆ. ಕೆಲವು ಪ್ರತಿಕಾರರು ಮರಿಯ, ಯೋಹಾನರನ್ನು ಮತ್ತೆ ತಂದು ನಿಲ್ಲಿಸಿದರು, ಬಣ್ಣ ಮಸುಕನ್ನು ಅಳಿಸಿತು. ಅವುಗಳಲ್ಲಿ ವಿಷಯ ಉಳಿಯಿತು, ನೋಡುವ ಬಗೆ ಉಳಿಯಲಿಲ್ಲ. ಮೂಲಹಾಳೆ 1895ರಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.